‘ಸರ್ವರ್ ಡೌನ್’ ಅಂದ ಮೇಲೆ: ತುಂಬಿದ ಡಿಸ್ಕು, ಕಾಣದ ಜಾಗ, ಮಾದನಾಯಕನಹಳ್ಳಿಯ ಒಂದು ರಾತ್ರಿ

ತಿಂಗಳ 5ನೇ ತಾರೀಖು, ರಾತ್ರಿ ಎಂಟೂವರೆ. ಚಿಕ್ಕಪ್ಪನ ಮಗಳ ಫೋನು. ‘ಅಣ್ಣಾ, ಸರ್ವರ್ ಸತ್ತೋಗಿದೆ. ಪಿಂಗ್ ಮಾಡಿದ್ರೆ ಉತ್ತರ ಬರುತ್ತೆ, ಬಿಲ್ ಹಾಕೋಕೆ ಹೋದ್ರೆ ಎರರ್. ಲಾರಿ ಬೇರೆ ಗೇಟಲ್ಲಿ ನಿಂತಿದೆ.’

ಅವಳು ಕೆಲಸ ಮಾಡೋದು ಮಾದನಾಯಕನಹಳ್ಳಿಯ ಒಂದು ಕಾರ್ಖಾನೆಯಲ್ಲಿ. ತುಮಕೂರು ರಸ್ತೆಯಲ್ಲಿ ಹಸಿರು ಮಾರ್ಗದ ಮೆಟ್ರೋ ಮಾದಾವರಕ್ಕೆ ಬಂದು ನಿಲ್ಲುತ್ತದಲ್ಲ, ಅಲ್ಲಿಂದ ನೆಲಮಂಗಲದ ಕಡೆಗೆ ಹೋಗುವಾಗ ಸಿಗುವ ಊರು. ಒಂದು ಕಾಲದ ಹೊಲಗಳಲ್ಲಿ ಈಗ ಗೋಡೌನು, ಶೀಟ್ ಮೆಟಲ್ ಶೆಡ್ಡು, ಪೌಡರ್ ಕೋಟಿಂಗ್ ಯೂನಿಟ್ಟು. ಅಂಥದ್ದೇ ಒಂದು ಶೆಡ್ಡು ಇದೂ. ಅರವತ್ತು ಚಿಲ್ಲರೆ ಕೆಲಸಗಾರರು. ಐಡಿ ಕಾರ್ಡಿನ ಪ್ರಕಾರ ನನ್ನ ತಂಗಿ ಸ್ಟೋರ್ಸ್ ಅಸಿಸ್ಟೆಂಟ್. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ್ದಾಳೆ ಅನ್ನೋ ಒಂದೇ ಕಾರಣಕ್ಕೆ ಸರ್ವರ್ ಕೂಡ ಅವಳ ತಲೆಗೇ ಬಂದಿದೆ. ಅದಕ್ಕೆ ಬೇರೆ ಸಂಬಳವೇನೂ ಇಲ್ಲ.

ಸರ್ವರ್ ಅಂದಾಕ್ಷಣ ಗಾಜಿನ ಕೋಣೆ, ನೀಲಿ ಲೈಟು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಸ್ಟೋರ್ಸಿನ ಮೂಲೆಯಲ್ಲಿ ಮೇಜಿನ ಕೆಳಗೆ ಧೂಳು ಹಿಡಿದು ಕೂತಿರುವ ಒಂದು ಟವರ್ ಸಿಪಿಯು. ಒಳಗೆ ಉಬುಂಟು ಲಿನಕ್ಸು, 1 ಟಿಬಿ ಡಿಸ್ಕು. ಬಿಲ್ಲಿಂಗು, ಸ್ಟಾಕು, ಜೊತೆಗೆ ಬಯೋಮೆಟ್ರಿಕ್ ಹಾಜರಾತಿ ಎಲ್ಲವೂ ಅದರಲ್ಲೇ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಇಲ್ಲದೆ ಲಾರಿ ಗೇಟು ದಾಟುವ ಹಾಗಿಲ್ಲ. ಅದಕ್ಕಿಂತ ದೊಡ್ಡದು, 7ನೇ ತಾರೀಖಿನೊಳಗೆ ಸಂಬಳ ಆಗಬೇಕು. ಯಾರು ಎಷ್ಟು ಗಂಟೆ ಓವರ್‌ಟೈಮ್ ಮಾಡಿದ್ದಾರೆ ಅನ್ನೋ ಲೆಕ್ಕ ಇರೋದು ಆ ಡಿಸ್ಕಿನಲ್ಲಿ ಮಾತ್ರ. ಕಾನೂನಿನ ಪ್ರಕಾರ ಓವರ್‌ಟೈಮಿಗೆ ದುಪ್ಪಟ್ಟು ಕೂಲಿ. ಲೆಕ್ಕವೇ ಕಳೆದುಹೋದರೆ ಆ ದುಪ್ಪಟ್ಟನ್ನು ಕೇಳೋದು ಹೇಗೆ?

ಓನರ್ ಅಷ್ಟರಲ್ಲಿ ಹಾರ್ಡ್‌ವೇರ್ ಹುಡುಗನೊಬ್ಬನಿಗೆ ಫೋನ್ ಮಾಡಿಯಾಗಿತ್ತು. ‘ಡಿಸ್ಕ್ ಫುಲ್ ಸರ್. ನಾಳೆ ಎಸ್.ಪಿ. ರೋಡಿಂದ ಹೊಸ ಎಸ್‌ಎಸ್‌ಡಿ ತರ್ತೀನಿ, ಫಾರ್ಮ್ಯಾಟ್ ಹೊಡೆದು ಫ್ರೆಶ್ ಆಗಿ ಹಾಕಿಕೊಡ್ತೀನಿ’ ಅಂದನಂತೆ. ‘ಫಾರ್ಮ್ಯಾಟ್’ ಅನ್ನೋ ಮಾತು ಕೇಳಿಯೇ ತಂಗಿ ನನಗೆ ಫೋನ್ ಮಾಡಿದ್ದು.

ಇಂಜಿನಿಯರಿಂಗ್ ಮುಗಿಸಿ, ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಎರಡು ವರ್ಷ ನಾನು ವೈಟ್‌ಫೀಲ್ಡಿನಲ್ಲಿ ಸಪೋರ್ಟ್ ಟೀಮಿನಲ್ಲಿದ್ದೆ. ರಾತ್ರಿ ಪಾಳಿಯಲ್ಲಿ ಅತಿ ಹೆಚ್ಚು ನೋಡಿದ ಸಾಲು ಅಂದರೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಹಾಗಾಗಿ ಭಯ ಆಗಲಿಲ್ಲ. ಅವಳು ಸ್ಕ್ರೀನ್ ಮುಂದೆ, ನಾನು ಫೋನಿನಲ್ಲಿ. ಕಮಾಂಡುಗಳನ್ನು ಅಕ್ಷರ ಅಕ್ಷರ ಹೇಳುತ್ತಾ ಹೋದೆ. ಇಲ್ಲಿಯೂ ಅವುಗಳನ್ನು ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ.

ಪಿಂಗ್ ಆಗುತ್ತೆ, ಕೆಲಸ ಆಗಲ್ಲ

ವಿಂಡೋಸ್‌ನಲ್ಲಿ ಸಿ ಡ್ರೈವು, ಡಿ ಡ್ರೈವು ಅಂತ ಬೇರೆ ಬೇರೆ. ಲಿನಕ್ಸ್‌ನಲ್ಲಿ ಹಾಗಿಲ್ಲ. ಇರೋದು ಒಂದೇ ಮರ; ಅದರ ಬುಡವೇ ರೂಟ್, ಗುರುತು ‘/’. ಎಷ್ಟು ಡಿಸ್ಕು ಜೋಡಿಸಿದರೂ ಅವು ಆ ಮರದ ಯಾವುದೋ ಒಂದು ಕೊಂಬೆಯಲ್ಲಿ, ಅಂದರೆ ಒಂದು ಫೋಲ್ಡರಿನಲ್ಲಿ, ಬಂದು ಕೂರುತ್ತವೆ. ಇದಕ್ಕೆ ಮೌಂಟ್ ಆಗೋದು ಅಂತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಕಥೆಯ ಕಳ್ಳ ಇಲ್ಲೇ ಅಡಗಿದ್ದಾನೆ.

ರೂಟ್ ತುಂಬಿದಾಗ ಯಂತ್ರ ಸಾಯುವುದಿಲ್ಲ. ಕರ್ನಲ್ ನೆನಪಿನಲ್ಲಿ ಓಡುತ್ತಲೇ ಇರುತ್ತೆ, ಅದಕ್ಕೇ ಪಿಂಗ್‌ಗೆ ಉತ್ತರ. ಆದರೆ ಒಂದಕ್ಷರ ಬರೆಯಬೇಕಾದ ಎಲ್ಲ ಕೆಲಸವೂ ನಿಲ್ಲುತ್ತೆ. ಡೇಟಾಬೇಸು ಹೊಸ ಸಾಲು ಬರೆಯಲಾರದು, ಲಾಗ್ ಬೀಳದು. ಟರ್ಮಿನಲ್ಲಿನಲ್ಲಿ ಟ್ಯಾಬ್ ಒತ್ತಿ ಫೈಲಿನ ಹೆಸರು ಪೂರ್ತಿ ಮಾಡಿಸಿಕೊಳ್ಳೋಕೆ ಹೋದರೂ ತಾತ್ಕಾಲಿಕ ಫೈಲು ಬರೆಯಲು ಜಾಗವಿಲ್ಲ ಅಂತ ಬೈಯುತ್ತೆ. ಇಂಥ ಹೊತ್ತಲ್ಲಿ ಜನ ಮಾಡುವ ಮೊದಲ ತಪ್ಪು ರೀಸ್ಟಾರ್ಟ್. ಓಡುತ್ತಿರುವ ಯಂತ್ರದಲ್ಲಿ ಕೈಯಾಡಿಸಲು ಒಂದು ದಾರಿ ಇರುತ್ತೆ. ತುಂಬಿದ ಡಿಸ್ಕಿನ ಯಂತ್ರ ಮತ್ತೆ ಎದ್ದಾಗ ಡೇಟಾಬೇಸು ಏಳುತ್ತೋ ಇಲ್ಲವೋ ಹೇಳೋಕಾಗಲ್ಲ. ‘ಓನರ್‌ಗೆ ಹೇಳು, ಸ್ವಿಚ್ ಮುಟ್ಟಬೇಡಿ ಅಂತ.’

ಮೊದಲು ಬರೀ ನೋಡುವ ಕಮಾಂಡುಗಳು. ಇವು ಏನನ್ನೂ ಬದಲಿಸಲ್ಲ. ‘ಡಿಎಫ್ -ಎಚ್’ ಹಾಕಿಸಿದೆ. ಅವಳು ಓದಿ ಹೇಳಿದಳು: ‘ರೂಟು 98 ಜಿಬಿ, ಬಳಸಿದ್ದು 98, ಉಳಿದಿದ್ದು ಸೊನ್ನೆ.’

‘ಡಿಸ್ಕ್ ಎಷ್ಟರದ್ದು?’

‘ಒಂದು ಟಿಬಿ.’

ಮಿಕ್ಕ ಒಂಬತ್ತು ಪಾಲು ಎಲ್ಲಿ ಹೋಯ್ತು?

‘ಎಲ್‌ಎಸ್‌ಬಿಎಲ್‌ಕೆ’ ಮತ್ತು ‘ವಿಜಿಎಸ್’ ಹಾಕಿದಾಗ ಉತ್ತರ ಸಿಕ್ಕಿತು. ಸುಮಾರು 828 ಜಿಬಿ ಖಾಲಿ, ಯಾರಿಗೂ ಹಂಚದೆ ಬಿದ್ದಿತ್ತು. ಇದು ಯಾರೋ ಮಾಡಿದ ಎಡವಟ್ಟಲ್ಲ. ಉಬುಂಟು ಸರ್ವರ್ ಹಾಕುವಾಗ ಎಲ್ಲದಕ್ಕೂ ಎಂಟರ್ ಒತ್ತುತ್ತಾ ಹೋದರೆ, ಎಲ್‌ವಿಎಂ ಅನ್ನೋ ವ್ಯವಸ್ಥೆಯಲ್ಲಿ ರೂಟಿಗೆ ಇಡೀ ಡಿಸ್ಕು ಸಿಗಲ್ಲ. 20ರಿಂದ 200 ಜಿಬಿ ಇದ್ದರೆ ಅರ್ಧ, 200 ಜಿಬಿ ದಾಟಿದರೆ ಬರೀ 100 ಜಿಬಿ. ಮಿಕ್ಕಿದ್ದನ್ನು ಮುಂದೆ ಬೇಕಾದ ಕಡೆ ಬೆಳೆಸಿಕೊಳ್ಳಿ ಅಂತ ಬಿಟ್ಟಿರುತ್ತೆ. ಇದು ಗೊತ್ತಿಲ್ಲದೆ ಹೊಸ ಡಿಸ್ಕ್ ಕೊಂಡವರನ್ನು ನಾನೇ ನೋಡಿದ್ದೇನೆ. ದುಡ್ಡು ಕೊಟ್ಟು ತಂದ ಜಾಗ ಒಳಗೇ ಇದೆ, ಇವರು ಎಸ್.ಪಿ. ರೋಡಲ್ಲಿ ಚೌಕಾಸಿ ಮಾಡ್ತಿರ್ತಾರೆ.

ಹಾಗಾದರೆ ಒಂದು ಕಮಾಂಡು ಹೊಡೆದು ರೂಟನ್ನು ಹಿಗ್ಗಿಸಿ ಮಲಗಬಹುದಿತ್ತು. ಹತ್ತು ಸೆಕೆಂಡಿನ ಕೆಲಸ. ಆ ರಾತ್ರಿ ನಾವು ಅದನ್ನು ಮಾಡಲಿಲ್ಲ.

ತಿಂದಿದ್ದು ಯಾರು?

ಎರಡು ವರ್ಷದಿಂದ ಅರ್ಧದಷ್ಟೂ ತುಂಬದ ಡಿಸ್ಕು ಈಗ್ಯಾಕೆ ತುಂಬಿತು? ಇದಕ್ಕೆ ಉತ್ತರ ಸಿಗದೆ ಹಿಗ್ಗಿಸಿದರೆ, ತಿನ್ನುವವನಿಗೆ ಇನ್ನೊಂದು ತಟ್ಟೆ ಬಡಿಸಿದ ಹಾಗೆ.

‘ಡಿಯು’ ಕಮಾಂಡು ಯಾವ ಫೋಲ್ಡರು ಎಷ್ಟು ದಪ್ಪ ಅಂತ ಹೇಳುತ್ತೆ. ಅದಕ್ಕೆ ‘-ಎಕ್ಸ್’ ಸೇರಿಸಬೇಕು. ಎಕ್ಸ್ ಅಂದರೆ ‘ಇದೇ ಡಿಸ್ಕಿನಲ್ಲಿರು, ಮೌಂಟ್ ಆದ ಬೇರೆ ಡಿಸ್ಕಿನೊಳಗೆ ಹೋಗಬೇಡ’ ಅಂತ. ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ಬ್ಯಾಕಪ್ ಫೋಲ್ಡರು, 50 ಜಿಬಿ ಚಿಲ್ಲರೆ.

‘ಅದು ಯುಎಸ್‌ಬಿ ಡಿಸ್ಕಿಗೆ ಹೋಗೋದು ಅಣ್ಣ. ಬೇರೆ ಡಿಸ್ಕಿಗೆ ಹೋಗಬೇಡ ಅಂದ್ವಲ್ಲ, ಮತ್ತೆ ಯಾಕೆ ಎಣಿಸ್ತು?’

ಒಂದು ಕ್ಷಣ ಇಬ್ಬರೂ ಸುಮ್ಮನಾದೆವು. ಎಣಿಸಿದ್ದು ಯಾಕಂದರೆ ಅದು ಬೇರೆ ಡಿಸ್ಕು ಆಗಿರಲೇ ಇಲ್ಲ.

ಆರು ವಾರದ ಹಿಂದೆ ಕರೆಂಟು ಹೋಗಿ ಬಂದಿತ್ತು. ಸರ್ವರ್ ತಾನಾಗಿ ಎದ್ದುಕೊಂಡಿತು. ಯುಎಸ್‌ಬಿ ಡಿಸ್ಕಿನ ಅಡಾಪ್ಟರು ಮಾತ್ರ ಯುಪಿಎಸ್‌ಗೆ ಸೇರದ ಪ್ಲಗ್ಗಿನಲ್ಲಿತ್ತು, ಸ್ವಿಚ್ಚು ಆಫ್ ಆಗಿಯೇ ಉಳಿಯಿತು. ಡಿಸ್ಕು ಸಿಗದಿದ್ದರೂ ಬೂಟ್ ನಿಲ್ಲಬಾರದು ಅಂತ ಸೆಟ್ಟಿಂಗಿನಲ್ಲಿ ‘ನೋಫೇಲ್’ ಅಂತ ಬರೆದಿತ್ತು. ಅದು ಸರಿಯಾದ ಸೆಟ್ಟಿಂಗೇ. ಆದರೆ ಡಿಸ್ಕು ಬರದಿದ್ದರೂ ಅದು ಕೂರಬೇಕಾದ ಖಾಲಿ ಫೋಲ್ಡರು ಇದ್ದೇ ಇರುತ್ತೆ. ರಾತ್ರಿ ಎರಡಕ್ಕೆ ಬ್ಯಾಕಪ್ ಸ್ಕ್ರಿಪ್ಟು ಬಂದು, ಫೋಲ್ಡರು ಕಂಡು, ಒಳಗೆ ಸುರಿದು ಹೋಯಿತು. ದಿನಕ್ಕೊಂದರಂತೆ 42 ಫೈಲು, ಒಂದೊಂದೂ ಸುಮಾರು 1.2 ಜಿಬಿ.

ಡಿಸ್ಕು ತುಂಬಿದ್ದಕ್ಕಿಂತ ಹೆದರಿಕೆಯ ವಿಷಯ ಇನ್ನೊಂದಿತ್ತು. ಆರು ವಾರದಿಂದ ಈ ಕಾರ್ಖಾನೆಗೆ ಬ್ಯಾಕಪ್ಪೇ ಇರಲಿಲ್ಲ. ಮೂಲ ಡೇಟಾ ಮತ್ತು ಅದರ 42 ನಕಲು, ಎಲ್ಲವೂ ಒಂದೇ ಡಿಸ್ಕಿನ ಮೇಲೆ. ಮರುದಿನ ಆ ಹುಡುಗ ಬಂದು ಫಾರ್ಮ್ಯಾಟ್ ಹೊಡೆದಿದ್ದರೆ? ‘ಯುಎಸ್‌ಬಿಯಲ್ಲಿ ಬ್ಯಾಕಪ್ ಇದೆ, ಹೊಡೀರಿ’ ಅಂತ ನನ್ನ ತಂಗಿಯೇ ಹೇಳುತ್ತಿದ್ದಳು.

ಇಲ್ಲೇ ಇನ್ನೊಂದು ಗುಂಡಿಯೂ ಇದೆ. ಕಾರಣ ಗೊತ್ತಾದ ಖುಷಿಗೆ ಯುಎಸ್‌ಬಿ ಡಿಸ್ಕನ್ನು ಚುಚ್ಚಿ ಅದೇ ಫೋಲ್ಡರಿಗೆ ಮೌಂಟ್ ಮಾಡಿದರೆ, ಅದು ಆ 50 ಜಿಬಿಯ ಮೇಲೆ ಚಾಪೆ ಹಾಸಿದ ಹಾಗೆ ಮುಚ್ಚಿಬಿಡುತ್ತೆ. ಆಗ ‘ಡಿಎಫ್’ ತುಂಬಿದೆ ಅನ್ನುತ್ತೆ, ‘ಡಿಯು’ ಅರ್ಧ ಖಾಲಿ ಅನ್ನುತ್ತೆ. ಕಾರಣ ಹುಡುಕಲು ಬೆಳಗಾಗುತ್ತೆ.

ನಿಮ್ಮ ಸರ್ವರಿನಲ್ಲಿ ಕಳ್ಳ ಬೇರೆಯವನಿರಬಹುದು. ಡಿಎಫ್‌ಗೂ ಡಿಯುಗೂ ತಾಳೆಯಾಗದಿರಲು ಇನ್ನೊಂದು ಸಾಮಾನ್ಯ ಕಾರಣ, ಅಳಿಸಿದರೂ ಸಾಯದ ಫೈಲು. ಯಾವುದಾದರೂ ಪ್ರೊಗ್ರಾಮು ತೆರೆದಿಟ್ಟುಕೊಂಡಿರುವ ಲಾಗ್ ಫೈಲನ್ನು ನೀವು ಅಳಿಸಿದರೆ ಹೆಸರು ಮಾತ್ರ ಹೋಗುತ್ತೆ. ಆ ಪ್ರೊಗ್ರಾಮು ಕೈಬಿಡುವವರೆಗೆ ಜಾಗ ವಾಪಸ್ ಬರಲ್ಲ. ‘ಎಲ್‌ಎಸ್‌ಒಎಫ್ +ಎಲ್1’ ಅಂಥವನ್ನು ತೋರಿಸುತ್ತೆ. ಆ ಸರ್ವಿಸನ್ನಷ್ಟೇ ರೀಸ್ಟಾರ್ಟ್ ಮಾಡಿದರೆ ಸಾಕು. ಡಾಕರ್ ಬಳಸುವವರಿಗೆ ಒಂದು ಮಾತು: ಅದರ ಮಾಮೂಲಿ ಲಾಗಿಗೆ ಗಾತ್ರದ ಮಿತಿಯೇ ಇಲ್ಲ, ನೀವು ಹಾಕುವವರೆಗೆ. ಇನ್ನು ‘ಡಿಎಫ್ -ಎಚ್’ ಜಾಗ ಇದೆ ಅಂದರೂ ಬರೆಯೋಕೆ ಆಗದಿದ್ದರೆ ‘ಡಿಎಫ್ -ಐ’ ನೋಡಿ. ಲಕ್ಷಗಟ್ಟಲೆ ಚಿಕ್ಕ ಚಿಕ್ಕ ಫೈಲುಗಳು ಐನೋಡ್ ಅನ್ನೋ ಲೆಕ್ಕದ ಚೀಟಿಗಳನ್ನೆಲ್ಲ ಮುಗಿಸಿರಬಹುದು.

ಯಾವುದನ್ನು ಅಳಿಸಬಾರದು

ಗಾಬರಿಯಲ್ಲಿ ಕೈಗೆ ಸಿಕ್ಕಿದ ದೊಡ್ಡ ಫೈಲನ್ನು ಅಳಿಸೋದು ಎರಡನೇ ದೊಡ್ಡ ತಪ್ಪು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕಥೆ ಕೇಳಿ. ಅದರ ಒಳಗೆ ‘ಪಿಜಿ ಎಕ್ಸ್‌ಲಾಗ್’, ‘ಪಿಜಿ ಸಿಲಾಗ್’ ಅಂತ ಎರಡು ಫೋಲ್ಡರು ಇದ್ದವು. ಯಾವ ವ್ಯವಹಾರ ಪೂರ್ತಿಯಾಯಿತು, ಯಾವುದು ಇಲ್ಲ ಅನ್ನೋ ಪ್ರಾಣವೇ ಅವುಗಳಲ್ಲಿ. ಹೆಸರಿನಲ್ಲಿ ‘ಲಾಗ್’ ಇದೆಯಲ್ಲ, ಡಿಸ್ಕು ತುಂಬಿದಾಗ ಜನ ಅದನ್ನೇ ಕಸ ಅಂತ ಅಳಿಸುತ್ತಿದ್ದರು, ಡೇಟಾಬೇಸು ಹಾಳು. ಕೊನೆಗೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ‘ಪಿಜಿ ವಾಲ್’, ‘ಪಿಜಿ ಎಕ್ಸ್‌ಆಕ್ಟ್’ ಅಂತ ಬದಲಿಸಿದರು. ಬಳಸುವವರನ್ನು ಬೈಯುತ್ತಾ ಕೂರದೆ ಫಲಕವನ್ನೇ ಬದಲಿಸಿದ್ದು ನನಗೆ ತುಂಬಾ ಇಷ್ಟವಾದ ವಿಷಯ. ಮೈಎಸ್‌ಕ್ಯೂಎಲ್‌ನ ಬಿನ್‌ಲಾಗ್ ಕೂಡ ಅಷ್ಟೇ: ಫೈಲನ್ನು ಕೈಯಿಂದ ಅಳಿಸಬಾರದು, ಡೇಟಾಬೇಸಿನ ಒಳಗಿನಿಂದಲೇ ‘ಪರ್ಜ್’ ಮಾಡಬೇಕು.

ಧೈರ್ಯವಾಗಿ ತೆಗೆಯಬಹುದಾದವು ಎರಡು. ಪ್ಯಾಕೇಜುಗಳ ಡೌನ್‌ಲೋಡ್ ರಾಶಿಗೆ ‘ಆಪ್ಟ್ ಕ್ಲೀನ್’. ಸಿಸ್ಟಂ ಜರ್ನಲ್ಲಿಗೆ ‘ಜರ್ನಲ್‌ಸಿಟಿಎಲ್’ನ ‘ವ್ಯಾಕ್ಯೂಮ್-ಸೈಜ್’, 500 ಎಂಬಿ ಉಳಿಸಿಕೊಂಡು ಹಳೆಯದನ್ನು ಬಿಡು ಅಂತ. ಎರಡೂ ಸೇರಿ ನಮಗೆ 3 ಜಿಬಿ ಬಿಟ್ಟುಕೊಟ್ಟವು.

ತಂಗಿ ಮತ್ತೆ ಡಿಎಫ್ ಹಾಕಿ ಕೂಗಿದಳು: ‘3 ಜಿಬಿ ಹೋಯ್ತು, ಆದ್ರೂ ಉಳಿದಿದ್ದು ಸೊನ್ನೆ ಅಂತಾನೇ ತೋರಿಸ್ತಿದೆ!’

ಇದು ತುಂಬಾ ಜನರನ್ನು ದಾರಿ ತಪ್ಪಿಸುತ್ತೆ. ಎಕ್ಸ್‌ಟಿ4 ಅನ್ನೋ ಫೈಲ್‌ಸಿಸ್ಟಂ ಮಾಮೂಲಾಗಿ 5 ಪರ್ಸೆಂಟ್ ಜಾಗವನ್ನು ಸೂಪರ್‌ಯೂಸರ್‌ಗೆ ಅಂತ ಎತ್ತಿಟ್ಟಿರುತ್ತೆ. (ಆ ಯಜಮಾನನ ಹೆಸರೂ ರೂಟ್; ಎರಡಕ್ಕೂ ಒಂದೇ ಹೆಸರಿಟ್ಟವರನ್ನು ಏನನ್ನೋಣ.) ಕಷ್ಟಕಾಲದಲ್ಲಿ ಒಳಗೆ ಬಂದು ರಿಪೇರಿ ಮಾಡೋಕೆ ಇಟ್ಟ ಸಾಸಿವೆ ಡಬ್ಬಿಯ ದುಡ್ಡು ಅದು. ನಮ್ಮ ಬ್ಯಾಕಪ್ ಸ್ಕ್ರಿಪ್ಟು ಓಡುತ್ತಿದ್ದದ್ದೂ ಸೂಪರ್‌ಯೂಸರ್ ಹೆಸರಲ್ಲೇ, ಹಾಗಾಗಿ ಆ ಡಬ್ಬಿಯನ್ನೂ ಬಳಿದು ಹಾಕಿತ್ತು. ಈಗ ಬಿಟ್ಟ 3 ಜಿಬಿ ಮೊದಲು ಆ ಡಬ್ಬಿಗೇ ಸೇರಿತು. ಬಿಲ್ಲಿಂಗಿಗೆ ಇನ್ನೂ ಸೊನ್ನೆ, ಆದರೆ ‘ಸುಡೊ’ ಹಾಕಿ ಕೆಲಸ ಮಾಡುವ ನಮಗೆ ಉಸಿರಾಡಲು ಜಾಗ ಸಿಕ್ಕಿತ್ತು.

ಆಮೇಲೆ ಯುಎಸ್‌ಬಿ ಡಿಸ್ಕಿಗೆ ಕರೆಂಟು ಕೊಟ್ಟು, ಹಳೆಯ ಫೋಲ್ಡರಿಗೆ ಮುಟ್ಟಿಸದೆ ಹೊಸದೊಂದು ಫೋಲ್ಡರಿಗೆ ಮೌಂಟ್ ಮಾಡಿಸಿದೆ. ಡೇಟಾಬೇಸಿನ ತಾಜಾ ಡಂಪು ನೇರವಾಗಿ ಅದಕ್ಕೆ. ಆ ಫೈಲಿಗೆ ‘ಜಿಜಿಪ್ -ಟಿ’, ಅಂದರೆ ಪೂರ್ತಿ ಇದೆಯೋ ಮುರಿದಿದೆಯೋ ಅನ್ನೋ ಪರೀಕ್ಷೆ. ಪಾಸಾಯಿತು. ಇನ್ನೊಂದು ನಕಲು ಅವಳ ಲ್ಯಾಪ್‌ಟಾಪಿಗೆ. ಹಳೆಯ 42ರಲ್ಲಿ ಕೊನೆಯ ಎರಡಕ್ಕೂ ಅದೇ ಪರೀಕ್ಷೆ ಮಾಡಿದರೆ ಎರಡೂ ಫೇಲು. ಅರ್ಧ ಬರೆಯುವಷ್ಟರಲ್ಲಿ ಜಾಗ ಮುಗಿದಿತ್ತು. ಫೋಲ್ಡರಿನಲ್ಲಿ ಹೆಸರು, ತಾರೀಖು ಎಲ್ಲ ಸರಿಯಾಗೇ ಕಾಣುತ್ತಿದ್ದವು. ಮಿಕ್ಕ ಒಳ್ಳೆಯವನ್ನು ಯುಎಸ್‌ಬಿಗೆ ನಕಲು ಮಾಡಿ, ಗಾತ್ರ ತಾಳೆ ನೋಡಿ, ಆಮೇಲಷ್ಟೇ ರೂಟಿನಿಂದ ಅಳಿಸಿದ್ದು.

ಹತ್ತೂಕಾಲಕ್ಕೆ ಡಿಎಫ್ ಅರ್ಧಕ್ಕಿಂತ ಕೆಳಗೆ ಬಂತು. ಬಿಲ್ಲಿಂಗ್ ಸರ್ವಿಸ್ ರೀಸ್ಟಾರ್ಟ್, ಇ-ವೇ ಬಿಲ್ಲು, ಲಾರಿ ಹೋಯಿತು. ಬಯೋಮೆಟ್ರಿಕ್ ಯಂತ್ರ ತನ್ನ ಹೊಟ್ಟೆಯಲ್ಲೇ ಪಂಚುಗಳನ್ನು ಇಟ್ಟುಕೊಂಡಿತ್ತು, ಅವೂ ಬಂದು ಸೇರಿದವು. ಮಾರನೇ ದಿನ ಓವರ್‌ಟೈಮ್ ಲೆಕ್ಕ ಆಯಿತು, 7ಕ್ಕೆ ಸಂಬಳವೂ ಆಯಿತು.

ಭಾನುವಾರದ ಪೋಡಿ

ಹಿಗ್ಗಿಸಿದ್ದು ಭಾನುವಾರ. ಡೇಟಾ ಬೆಳೆಯುತ್ತಿತ್ತು, ಹೇಗಿದ್ದರೂ ಬೇಕಿತ್ತು. ಆದರೆ ಬ್ಯಾಕಪ್ ಕೈಯಲ್ಲಿ, ಲಾರಿ ಗೇಟಿನಲ್ಲಿಲ್ಲ, ನಿದ್ದೆ ಆಗಿದೆ.

ಇದನ್ನು ಅರ್ಥ ಮಾಡಿಸಲು ನಮ್ಮೂರ ಕಡೆ ಜಮೀನಿನ ಉದಾಹರಣೆಗಿಂತ ಒಳ್ಳೆಯದಿಲ್ಲ. ಡಿಸ್ಕು ಅಂದರೆ ಜಮೀನು. ಪಾರ್ಟಿಷನ್ ಅಂದರೆ ಪೋಡಿ ಮಾಡಿ ಗುರುತು ಹಾಕಿದ ತುಂಡು. ಪಾರ್ಟಿಷನ್ ಟೇಬಲ್ಲು ಅದರ ದಾಖಲೆ. ಎಲ್‌ವಿಎಂ ಆ ತುಂಡಿನೊಳಗೆ ಮಾಡಿದ ಲೇಔಟು, ಲಾಜಿಕಲ್ ವಾಲ್ಯೂಮ್ ಅದರಲ್ಲಿ ಒಂದು ಸೈಟು. ಫೈಲ್‌ಸಿಸ್ಟಂ ಸೈಟಿನ ಮೇಲೆ ಕಟ್ಟಿದ ಮನೆ. ಮನೆ ದೊಡ್ಡದು ಮಾಡಬೇಕಾದರೆ ಯಾವಾಗಲೂ ಹೊರಗಿನಿಂದ ಒಳಗೆ: ಜಮೀನು, ಪೋಡಿ, ಸೈಟು, ಕೊನೆಗೆ ಮನೆ. ದಾಖಲೆಯಲ್ಲಿ ಸೈಟು ದೊಡ್ಡದಾದ ಮಾತ್ರಕ್ಕೆ ಮನೆ ದೊಡ್ಡದಾಗಲ್ಲ. ‘ಎಕ್ಸ್‌ಟೆಂಡ್ ಮಾಡಿದೆ, ಡಿಎಫ್ ಹಳೇದೇ ತೋರಿಸ್ತಿದೆ’ ಅಂತ ತಲೆ ಕೆಡಿಸಿಕೊಳ್ಳುವವರು ಕೊನೆಯ ಹೆಜ್ಜೆ ಮರೆತಿರುತ್ತಾರೆ, ಅಷ್ಟೇ.

ನಮ್ಮದರಲ್ಲಿ ಲೇಔಟಿನೊಳಗೇ ಜಾಗ ಖಾಲಿ ಇತ್ತು. ‘ಎಲ್‌ವಿಎಕ್ಸ್‌ಟೆಂಡ್’ ಸಾಕು. ಅದಕ್ಕೆ ‘-ಆರ್’ ಸೇರಿಸಿದರೆ ಸೈಟಿನ ಜೊತೆ ಮನೆಯನ್ನೂ ತಾನೇ ಬೆಳೆಸುತ್ತೆ. ಗಾತ್ರದ ಜಾಗದಲ್ಲಿ ಪ್ಲಸ್ ಚಿಹ್ನೆ ಹಾಕಿ 50 ಜಿ. ಆ ಪ್ಲಸ್ ಮುಖ್ಯ. ಪ್ಲಸ್ ಇದ್ದರೆ ‘ಇನ್ನೂ 50 ಸೇರಿಸು’, ಇಲ್ಲದಿದ್ದರೆ ‘ಒಟ್ಟು 50 ಮಾಡು’. 100 ಜಿಬಿ ಇರುವುದನ್ನು 50 ಮಾಡು ಅಂದರೆ ಎಲ್‌ವಿಎಕ್ಸ್‌ಟೆಂಡ್ ಒಪ್ಪಲ್ಲ. ಆದರೆ ಅದರ ಅಣ್ಣ ‘ಎಲ್‌ವಿರೀಸೈಜ್’ ಕುಗ್ಗಿಸುವ ದಾರಿ ಹಿಡಿಯುತ್ತೆ. ಅದಕ್ಕೇ ಹಿಗ್ಗಿಸಲು ಬಂದಾಗ ಎಲ್‌ವಿರೀಸೈಜ್ ಮುಟ್ಟಲೇಬೇಡಿ. ಸರ್ವರ್ ಓಡುತ್ತಿರುವಾಗಲೇ, ಯಾರನ್ನೂ ಹೊರಗೆ ಕಳಿಸದೆ, ಕೆಲಸ ಮುಗಿಯಿತು.

828 ಜಿಬಿ ಇಟ್ಟುಕೊಂಡು 50 ಮಾತ್ರ ಯಾಕೆ ಅಂತ ಓನರ್ ಕೇಳಿದರಂತೆ. ಬೆಳೆಸೋದು ಸಲೀಸು, ಕುಗ್ಗಿಸೋದು ಅಲ್ಲ. ಎಕ್ಸ್‌ಟಿ4 ಕುಗ್ಗಬೇಕಾದರೆ ಅನ್‌ಮೌಂಟ್ ಮಾಡಬೇಕು. ರೂಟನ್ನು ಓಡುವ ಯಂತ್ರದಲ್ಲಿ ಅನ್‌ಮೌಂಟ್ ಮಾಡೋದು ಅಂದರೆ ಕೂತ ಕೊಂಬೆ ಕಡಿದ ಹಾಗೆ, ಬೇರೆ ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕು. ರೆಡ್ ಹ್ಯಾಟ್ ಮಾದರಿಯ ಸರ್ವರುಗಳಲ್ಲಿರುವ ಎಕ್ಸ್‌ಎಫ್‌ಎಸ್ ಅಂತೂ ಕುಗ್ಗೋದೇ ಇಲ್ಲ ಅಂತ ತಿಳಿಯಿರಿ. ಖಾಲಿ ಬಿಟ್ಟ ಜಾಗದಲ್ಲಿ ಮುಂದೆ ಸ್ನ್ಯಾಪ್‌ಶಾಟ್ ತೆಗೆಯಬಹುದು, ಡೇಟಾಬೇಸಿಗೆ ಬೇರೆ ಸೈಟು ಕೊಡಬಹುದು.

ನಿಮ್ಮದು ಕ್ಲೌಡಿನ ವಿಎಂ ಆಗಿದ್ದರೆ ಹೆಜ್ಜೆಗಳು ಜಾಸ್ತಿ. ಮೊದಲು ಒಂದು ಸ್ನ್ಯಾಪ್‌ಶಾಟ್. ಆಮೇಲೆ ಪ್ಯಾನೆಲ್ಲಿನಲ್ಲಿ ಡಿಸ್ಕಿನ ಗಾತ್ರ ಹೆಚ್ಚಿಸಿ, ಅಂದರೆ ಜಮೀನು. ಎಲ್‌ಎಸ್‌ಬಿಎಲ್‌ಕೆ ಹೊಸ ಗಾತ್ರ ತೋರಿಸುತ್ತಾ ನೋಡಿ, ರೂಟ್ ಪಾರ್ಟಿಷನ್ನಿನ ಬಲಗಡೆ ನಿಜಕ್ಕೂ ಖಾಲಿ ಇದೆಯಾ ಅದನ್ನೂ ನೋಡಿ. ಹಳೆಯ ಇನ್‌ಸ್ಟಾಲುಗಳಲ್ಲಿ ರೂಟಿನ ಪಕ್ಕಕ್ಕೇ ಸ್ವಾಪ್ ಪಾರ್ಟಿಷನ್ ಅಡ್ಡ ಕೂತಿರುತ್ತೆ. ಅಂಥಲ್ಲಿ ಬೇಲಿ ಸರಿಸೋಕಾಗಲ್ಲ, ಸಲಹೆ ಕೇಳದೆ ಮುಂದೆ ಹೋಗಬೇಡಿ. ಖಾಲಿ ಇದ್ದರೆ ‘ಗ್ರೋಪಾರ್ಟ್’. ಡಿಸ್ಕಿನ ಹೆಸರಿಗೂ ಪಾರ್ಟಿಷನ್ ನಂಬರಿಗೂ ನಡುವೆ ಒಂದು ಸ್ಪೇಸ್ ಬೇಕು. ಮೊದಲು ‘-ಎನ್’ ಸೇರಿಸಿ ಓಡಿಸಿದರೆ ಏನು ಮಾಡಲಿದೆ ಅಂತ ಹೇಳುತ್ತೆ, ಮಾಡಲ್ಲ. ಎಲ್‌ವಿಎಂ ಇದ್ದರೆ ‘ಪಿವಿರೀಸೈಜ್’, ನಂತರ ಎಲ್‌ವಿಎಕ್ಸ್‌ಟೆಂಡ್. ಎಲ್‌ವಿಎಂ ಇಲ್ಲದಿದ್ದರೆ ನೇರವಾಗಿ ಮನೆ: ಎಕ್ಸ್‌ಟಿ4ಗೆ ‘ರೀಸೈಜ್2ಎಫ್‌ಎಸ್’, ಅದಕ್ಕೆ ಪಾರ್ಟಿಷನ್ನಿನ ಹೆಸರು ಕೊಡಬೇಕು, ಎಕ್ಸ್‌ಎಫ್‌ಎಸ್‌ಗೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್’, ಅದಕ್ಕೆ ಮೌಂಟ್ ಆದ ಜಾಗ, ಅಂದರೆ ‘/’.

ಒಂದು ತಮಾಷೆ: ಡಿಸ್ಕು ಪೂರ್ತಿ ತುಂಬಿದ್ದರೆ ಗ್ರೋಪಾರ್ಟ್ ಓಡುವುದೇ ಇಲ್ಲ. ಜಾಗ ಹೆಚ್ಚಿಸುವ ಕಮಾಂಡಿಗೂ ತನ್ನ ತಾತ್ಕಾಲಿಕ ಫೈಲು ಬರೆಯಲು ಒಂಚೂರು ಜಾಗ ಬೇಕು! ಏನನ್ನೂ ಅಳಿಸೋಕಾಗದ ಸ್ಥಿತಿಯಲ್ಲಿ ‘ಟಿಎಂಪಿ’ ಫೋಲ್ಡರಿನ ಮೇಲೆ 10 ಎಂಬಿಯ ‘ಟಿಎಂಪಿಎಫ್‌ಎಸ್’ ಮೌಂಟ್ ಮಾಡಿದರೆ ಅದು ರ‍್ಯಾಮಿನಲ್ಲಿ ಬರೆದುಕೊಂಡು ಕೆಲಸ ಮುಗಿಸುತ್ತೆ, ಆಮೇಲೆ ತೆಗೆದುಬಿಡಬಹುದು.

ಇನ್ನೊಂದು ಡಿಸ್ಕು ಹಾಕಿ ರೂಟಿಗೇ ಸೇರಿಸುವ ‘ವಿಜಿಎಕ್ಸ್‌ಟೆಂಡ್’ ಬಗ್ಗೆ ಹುಷಾರು. ಎರಡು ಡಿಸ್ಕಿನ ಮೇಲೆ ಒಂದು ಮನೆ ಕಟ್ಟಿದರೆ, ಎರಡರಲ್ಲಿ ಯಾವುದು ಕೆಟ್ಟರೂ ಮನೆ ಹೋಯ್ತು. ಹೊಸ ಡಿಸ್ಕನ್ನು ಬೇರೆ ಫೋಲ್ಡರಿಗೆ ಮೌಂಟ್ ಮಾಡಿ ಡೇಟಾವನ್ನು ಅಲ್ಲಿಗೆ ಸ್ಥಳಾಂತರಿಸೋದೇ ಮೇಲು.

ಟೊಯೋಟಾಗೂ ಇದೇ ಆಗಿತ್ತು

‘ಸಣ್ಣ ಕಾರ್ಖಾನೆ, ಐಟಿ ವಿಭಾಗ ಇಲ್ಲ, ಅದಕ್ಕೇ ಹೀಗೆ’ ಅನ್ನಬೇಡಿ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೋಟಾದ 14 ಜೋಡಣಾ ಕಾರ್ಖಾನೆಗಳೂ ನಿಂತುಹೋದವು. ಸೈಬರ್ ದಾಳಿಯಿರಬಹುದು ಅಂತ ಗುಲ್ಲಾಯಿತು. ಸೆಪ್ಟೆಂಬರ್ 6ಕ್ಕೆ ಕಂಪನಿಯೇ ವಿವರಣೆ ಕೊಟ್ಟಿತು: ಬಿಡಿಭಾಗಗಳ ಆರ್ಡರು ನೋಡಿಕೊಳ್ಳುವ ಸರ್ವರುಗಳಲ್ಲಿ ಆಗಸ್ಟ್ 27ರಂದು ನಿರ್ವಹಣಾ ಕೆಲಸ ನಡೆದಿತ್ತು, ಡೇಟಾಬೇಸಿನಲ್ಲಿ ಸೇರಿಕೊಂಡಿದ್ದ ಡೇಟಾ ಅಳಿಸಿ ಜೋಡಿಸುವಾಗ ಡಿಸ್ಕಿನಲ್ಲಿ ಜಾಗ ಸಾಲದೆ ವ್ಯವಸ್ಥೆ ನಿಂತಿತು. ಬ್ಯಾಕಪ್ ಸರ್ವರು ಅದೇ ವ್ಯವಸ್ಥೆಯ ಮೇಲಿದ್ದದ್ದರಿಂದ ಅದೂ ಹಾಗೇ ಬಿತ್ತು. ದೊಡ್ಡ ಡಿಸ್ಕಿನ ಸರ್ವರಿಗೆ ಡೇಟಾ ಸಾಗಿಸಿದ ಮೇಲೆ ಕಾರ್ಖಾನೆಗಳು ತೆರೆದವು. ಮೂಲವೂ ನಕಲೂ ಒಂದೇ ಬುಟ್ಟಿಯಲ್ಲಿ, ಮಾದನಾಯಕನಹಳ್ಳಿಯ ಮೇಜಿನ ಕೆಳಗೆ ಆದದ್ದೂ ಅದೇ.

ನನ್ನನ್ನು ಹಿಡಿದಿಟ್ಟದ್ದು ಆ ವಿವರಣೆ. ಎಂಟು ದಿನದೊಳಗೆ, ಏನು ತಪ್ಪಾಯಿತು, ಬ್ಯಾಕಪ್ ಯಾಕೆ ಕೈಕೊಟ್ಟಿತು ಅಂತ ಬರೆದು ಕೊಟ್ಟರು. ನಮ್ಮಲ್ಲಿ ರೇಷನ್ ಅಂಗಡಿಯ ಮುಂದೆ, ಜಾತಿ-ಆದಾಯ ಪ್ರಮಾಣಪತ್ರದ ಕೌಂಟರಿನ ಮುಂದೆ ನಿಂತವರಿಗೆ ಸಿಗೋದು ಎರಡು ಪದ: ‘ಸರ್ವರ್ ಡೌನ್’. ಮಳೆ ಬಂತು ಅನ್ನುವ ಹಾಗೆ, ಯಾರೂ ಮಾಡಿದ್ದಲ್ಲ ಅನ್ನುವ ಹಾಗೆ ಹೇಳ್ತಾರೆ. ದಿನಗೂಲಿ ಬಿಟ್ಟು ಬಂದವರು ವಾಪಸ್ ಹೋಗ್ತಾರೆ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಕುಸಿದಾಗ ಸರ್ಕಾರ ಡಿಡಾಸ್ ದಾಳಿ ಅಂತ ಕಾರಣ ಹೇಳಿತು. ದಸ್ತಾವೇಜು ನೋಂದಣಿ ನಿಂತರೆ ಖಜಾನೆಗೇ ಪೆಟ್ಟು, ಹಾಗಾಗಿ ಹೇಳಲೇಬೇಕಾಯಿತು ಅನ್ನೋದು ನನ್ನ ಅನುಮಾನ. ಅಕ್ಕಿಗೆ ನಿಂತವರಿಗೂ ಅದೇ ಲೆಕ್ಕ ಕೊಡಬೇಕು. ಡಿಸ್ಕು ತುಂಬಿತ್ತಾ, ಲಿಂಕು ಕಡಿದಿತ್ತಾ, ಟೆಂಡರು ಮುಗಿದಿತ್ತಾ? ಯಂತ್ರದಲ್ಲಿ ಆಗುವ ಪ್ರತಿಯೊಂದಕ್ಕೂ ಕಾರಣ ಇರುತ್ತೆ. ಹುಡುಕಿದರೆ ರಾತ್ರಿ ಹತ್ತರೊಳಗೆ ಸಿಗುತ್ತೆ. ಹುಡುಕುವವರನ್ನು ಸಂಬಳ ಕೊಟ್ಟು ಇಟ್ಟಿರಬೇಕು, ಅಷ್ಟೇ.

ಮತ್ತೆ ಆಗದ ಹಾಗೆ

ಭಾನುವಾರವೇ ಇನ್ನೂ ಮೂರು ಕೆಲಸ ಮಾಡಿದೆವು. ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಮೌಂಟ್‌ಪಾಯಿಂಟ್ -ಕ್ಯೂ’ ಪರೀಕ್ಷೆ: ಡಿಸ್ಕು ಕೂತಿಲ್ಲದಿದ್ದರೆ ಅಲ್ಲೇ ನಿಲ್ಲು, ಮೆಸೇಜ್ ಕಳಿಸು. ಯುಎಸ್‌ಬಿ ತೆಗೆದು, ಖಾಲಿ ಫೋಲ್ಡರಿಗೆ ‘ಸಿಎಚ್‌ಆಟರ್ +ಐ’ ಹಾಕಿದೆವು; ಇನ್ನು ಡಿಸ್ಕು ಇಲ್ಲದಾಗ ಸೂಪರ್‌ಯೂಸರ್ ಬಂದರೂ ಅದರೊಳಗೆ ಬರೆಯಲಾಗಲ್ಲ, ಡಿಸ್ಕು ಬಂದಾಗ ಮೌಂಟ್ ಆಗಲು ತೊಂದರೆಯೂ ಇಲ್ಲ. ರೂಟು 80 ಪರ್ಸೆಂಟ್ ದಾಟಿದರೆ ಅವಳ ಫೋನಿಗೆ ಸಂದೇಶ. ಅಡಾಪ್ಟರನ್ನು ಯುಪಿಎಸ್‌ಗೆ ಸೇರಿಸಿದ್ದನ್ನು ಕೆಲಸ ಅಂತ ಎಣಿಸಲ್ಲ, ಆದರೆ ಎಲ್ಲದರ ಮೂಲ ಅದೇ.

ಹೊಸ ಎಸ್‌ಎಸ್‌ಡಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಎರಡನೇ ಯುಎಸ್‌ಬಿ ಡಿಸ್ಕು ತರಿಸಿಕೊಂಡಳು. ವಾರಕ್ಕೊಂದರಂತೆ ಬದಲಿಸಿ, ಒಂದು ಯಾವಾಗಲೂ ಶೆಡ್ಡಿನ ಹೊರಗೆ ಇರೋ ಹಾಗೆ. ಸಂಬಳದ ಮಾತನ್ನೂ ಎತ್ತಿದಳಂತೆ. ‘ಏಪ್ರಿಲ್‌ನಲ್ಲಿ ನೋಡೋಣ’ ಅಂದಿದ್ದಾರೆ.

ಕಳೆದ ವಾರ 80 ದಾಟಿದೆ ಅಂತ ಅವಳಿಗೆ ಸಂದೇಶ ಬಂತು. ಈ ಸಲ ನನಗೆ ಫೋನ್ ಬರಲಿಲ್ಲ. ಮಧ್ಯಾಹ್ನ ಒಂದು ಸ್ಕ್ರೀನ್‌ಶಾಟ್ ಬಂತು: ಡಿಯು ಪಟ್ಟಿ, ಅದರ ತುದಿಯಲ್ಲಿ ಯಾರೋ ಸ್ಕ್ಯಾನ್ ಮಾಡಿ ಗುಡ್ಡೆ ಹಾಕಿದ್ದ ಡ್ರಾಯಿಂಗ್ ಪಿಡಿಎಫ್‌ಗಳ ಫೋಲ್ಡರು. ಕೆಳಗೆ ಬರೆದಿದ್ದಳು: ‘ಡ್ರಾಯಿಂಗ್‌ಗಳಿಗೆ ಬೇರೆ ಸೈಟು ಮಾಡ್ತಿದೀನಿ ಅಣ್ಣ. ಪ್ಲಸ್ ಹಾಕಿದೀನಿ.’